ದಕ್ಷಿಣ ಅಮೆರಿಕದ ಮುಳ್ಳಿಲಿಗಳು: ನೆಂಟರು ಯಾರು?

ಇಂದು ಮೂರು ಪ್ರಾಣಿಗಳನ್ನು ನಿಮ್ಮ ಕಣ್ಣ ಮುಂದೆ ತಂದುಕೊಳ್ಳಿ. ಮೊದಲನೆಯದು, ಮನೆಯ ಅಟ್ಟದಲ್ಲಿ ಓಡಾಡುವ ಇಲಿ. ಎರಡನೆಯದು, ನಮ್ಮ ಕಾಡುಗಳ ಮುಳ್ಳುಹಂದಿ. ಮೂರನೆಯದು, ಅಮೆಜಾನ್ ಕಾಡಿನಲ್ಲಿ ರಾತ್ರಿ ಹೊತ್ತು ಹಣ್ಣು, ಬೀಜಗಳನ್ನು ಹುಡುಕುತ್ತಾ ತಿರುಗುವ ಮುಳ್ಳಿಲಿ. ನೋಡಲು ಅದು ಇಲಿಯೇ. ಆದರೆ ಬೆನ್ನಿನ ಕೂದಲುಗಳು ಚಪ್ಪಟೆಯಾಗಿ, ಬಿರುಸಾಗಿ, ಮುಳ್ಳಿನಂತಿರುತ್ತವೆ. ಶತ್ರು ಬಾಲ ಹಿಡಿದರೆ ಹಲ್ಲಿಯಂತೆ ಬಾಲವನ್ನೇ ಕಳಚಿ ಓಡಿಬಿಡುತ್ತದೆ. ಆದರೆ ಹಲ್ಲಿಗೆ ಬೆಳೆದಂತೆ ಇದಕ್ಕೆ ಬಾಲ ಮತ್ತೆ ಬೆಳೆಯುವುದಿಲ್ಲ.

ಈಗ ಹೇಳಿ, ಈ ಮುಳ್ಳಿಲಿಗೆ ಹತ್ತಿರದ ನೆಂಟ ಯಾರು? ಇಲಿಯೋ, ಮುಳ್ಳುಹಂದಿಯೋ?

ಮುಳ್ಳುಹಂದಿ ಎಂದಿದ್ದರೆ ನಿಮ್ಮ ಉತ್ತರ ಸರಿ. ಆದರೆ ಮುಳ್ಳನ್ನು ನೋಡಿ ಹಾಗೆ ಹೇಳಿದ್ದರೆ ಕಾರಣ ತಪ್ಪು! ನಮ್ಮ ಪಶ್ಚಿಮ ಘಟ್ಟದ ಮರಗಳಲ್ಲೂ ಮುಳ್ಳುಗೂದಲಿನ ಒಂದು ಪುಟ್ಟ ದಂಶಕವಿದೆ. 1859ರಲ್ಲಿ ಎಡ್ವರ್ಡ್ ಬ್ಲೈತ್ ಅದನ್ನು ವಿವರಿಸಿದರು. ಅದು ಮನೆಯಿಲಿಯ ಬಳಗಕ್ಕೆ ಸೇರಿದ್ದೇ ಹೊರತು ಅಮೆಜಾನಿನ ಮುಳ್ಳಿಲಿಯ ಬಳಗಕ್ಕಲ್ಲ. ದಂಶಕಗಳಲ್ಲಿ ಮುಳ್ಳು ಬೇರೆ ಬೇರೆ ಕಡೆ, ಬೇರೆ ಬೇರೆಯಾಗಿ ಮೂಡಿದೆ. ಆದುದರಿಂದ ಮುಳ್ಳು ಒಂದೇ ನೆಂಟಸ್ತಿಕೆಗೆ ಸಾಕ್ಷಿಯಾಗಲಾರದು.

ಹಾಗಾದರೆ ಸಾಕ್ಷಿ ಯಾವುದು? ತಲೆಬುರುಡೆಯನ್ನು ನೋಡಿ. ಮುಳ್ಳುಹಂದಿಗೂ ಮುಳ್ಳಿಲಿಗೂ ಕಣ್ಣಿನ ಮುಂಭಾಗದಲ್ಲಿ ದೊಡ್ಡ ರಂಧ್ರವಿದೆ. ಅಗಿಯುವ ಸ್ನಾಯುವಿನ ದಪ್ಪ ಭಾಗವೊಂದು ಅದರ ಮೂಲಕ ಹಾದು ಮೂತಿಯ ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಮನೆಯಿಲಿಯಲ್ಲಿ ಈ ರಂಧ್ರ ಕಿರಿದು. ಮರಿಗಳನ್ನೂ ನೋಡಿ. ಮನೆಯಿಲಿ ಸುಮಾರು ಮೂರು ವಾರ ಗರ್ಭ ಧರಿಸಿ, ಕಣ್ಣು ಬಿಡದ, ಕೂದಲಿಲ್ಲದ ಮರಿಗಳನ್ನು ಹೆರುತ್ತದೆ. ಮುಳ್ಳಿಲಿಯ ಗರ್ಭಧಾರಣೆ ಸುಮಾರು ಎರಡು ತಿಂಗಳು. ಅದರ ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಮೈತುಂಬ ಕೂದಲಿರುತ್ತದೆ. ಮುಳ್ಳುಹಂದಿಯ ಮರಿಯೂ ಕಣ್ಣು ತೆರೆದೇ ಹುಟ್ಟುತ್ತದೆ. ಡಿ.ಎನ್.ಎ. ಪರೀಕ್ಷೆಯೂ ಈ ನೆಂಟಸ್ತಿಕೆಯನ್ನು ಎತ್ತಿಹಿಡಿದಿದೆ. ಗಿನಿಪಿಗ್, ಚಿಂಚಿಲಾ, ಕ್ಯಾಪಿಬಾರಾ ಸಹ ಈ ದೊಡ್ಡ ಬಳಗದವೇ.

ಮುಳ್ಳುಹಂದಿಯ ಈ ನೆಂಟರು ದಕ್ಷಿಣ ಅಮೆರಿಕವನ್ನು ತಲುಪಿದ್ದು ಹೇಗೆ? ಆಫ್ರಿಕ ಮತ್ತು ದಕ್ಷಿಣ ಅಮೆರಿಕ ಖಂಡಗಳು ಬೇರ್ಪಟ್ಟು ಸುಮಾರು 10 ಕೋಟಿ ವರ್ಷಗಳಾದವು. ದಕ್ಷಿಣ ಅಮೆರಿಕದಲ್ಲಿ ಈ ಬಳಗದ ಅತಿ ಹಳೆಯ ಪಳೆಯುಳಿಕೆಗಳು ಪೆರು ದೇಶದಲ್ಲಿ ದೊರೆತಿದ್ದು, ಅವುಗಳ ವಯಸ್ಸು ಸುಮಾರು 4 ಕೋಟಿ ವರ್ಷ. ಅಂದರೆ ನಡುವೆ ಸಮುದ್ರವಿದ್ದಾಗಲೇ ಇವುಗಳ ಪೂರ್ವಜರು ಬಂದಿರಬೇಕು. ನದಿಗಳು ಕಡಲಿಗೆ ತಳ್ಳಿದ ಮರಗಿಡಗಳ ತೆಪ್ಪದ ಮೇಲೆ ಆಫ್ರಿಕದಿಂದ ತೇಲಿ ಬಂದವೆಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ.

ಹೀಗೆ ಬಂದವರ ಸಂತತಿ ಹಲವು ಕವಲುಗಳಾಗಿ ಒಡೆಯಿತು. ಅವುಗಳಲ್ಲಿ ಒಂದು ಮುಳ್ಳಿಲಿಗಳ ಕುಟುಂಬ, ಎಕಿಮಿಡೇ. ಇದರಲ್ಲಿ ಕೆಲವು ನೆಲದ ಮೇಲೆ, ಕೆಲವು ಮರದ ಮೇಲೆ, ಕೆಲವು ಬಿಲದಲ್ಲಿ ಬದುಕುತ್ತವೆ. ಬದುಕಿಗೆ ತಕ್ಕಂತೆ ರೂಪ ಬದಲಾದದ್ದರಿಂದ ವರ್ಗೀಕರಣ ಮಾಡುವವರು ಹಲವು ಸಲ ಮೋಸಹೋದರು. ಬ್ರೆಜಿಲ್‌ನ ಕೀಟೊಮಿಸ್ ಎಂಬ ಪ್ರಾಣಿಯನ್ನು ಹಲ್ಲಿನ ಲಕ್ಷಣ ನೋಡಿ ಈ ಕುಟುಂಬಕ್ಕೆ ಸೇರಿಸಿದ್ದವರಿದ್ದರು. ಅದು ಅಮೆರಿಕದ ಮರವಾಸಿ ಮುಳ್ಳುಹಂದಿಗಳ ಕುಟುಂಬದ್ದೆಂದು 2009ರ ಡಿ.ಎನ್.ಎ. ಅಧ್ಯಯನ ತೋರಿಸಿತು. ಇನ್ನೊಂದು ಕಡೆ, ಕಾಲ್ಬೆರಳುಗಳ ನಡುವೆ ಜಾಲಪಾದವಿರುವ, ನೀರಿನಲ್ಲಿ ಈಜುವ, ಐದಾರು ಕಿಲೋ ತೂಗುವ ಕಾಯ್ಪು ಎಂಬ ಪ್ರಾಣಿಗೆ ಬಹುಕಾಲ ಪ್ರತ್ಯೇಕ ಕುಟುಂಬವನ್ನೇ ಕೊಟ್ಟಿದ್ದರು. ಅದರ ಮೈಮೇಲೆ ಮುಳ್ಳಿಲ್ಲ, ಮೃದುವಾದ ತುಪ್ಪಳವಿದೆ. ಆದರೂ ಅದು ಮುಳ್ಳಿಲಿಗಳ ಕುಟುಂಬದೊಳಗಿನದೇ ಎಂದು ಈಗ ಒಪ್ಪಲಾಗಿದೆ. ಅದರ ಅತಿ ಹತ್ತಿರದ ನೆಂಟನೆಂದರೆ ಬಾಯಿಯಾ ಪ್ರಾಂತದ ಮರಗಳ ಮೇಲೆ ಎಲೆ ತಿಂದು ಬದುಕುವ, ಕಪ್ಪು ಬಿಳುಪು ಬಣ್ಣದ ಕ್ಯಾಲಿಸ್ಟೊಮಿಸ್. ಒಬ್ಬ ನೀರಿನವ, ಇನ್ನೊಬ್ಬ ಮರದವ!

ಪ್ರೊಎಕಿಮಿಸ್ ಜಾತಿಯ ಕಥೆ ಇನ್ನೂ ತೊಡಕಿನದು. ಇದರ ಪ್ರಭೇದಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ತಜ್ಞರಿಗೂ ಕಷ್ಟ. ಆದರೆ ಉತ್ತರ ವೆನೆಜುವೆಲಾದ ಒಂದು ಗುಂಪಿನಲ್ಲೇ ವರ್ಣತಂತುಗಳ ಸಂಖ್ಯೆ 42ರಿಂದ 62ರವರೆಗೆ ಬದಲಾಗುತ್ತದೆ. 1996ರಲ್ಲಿ ಮಾರ್ಸಿಯಾ ಲಾರಾ, ಜೇಮ್ಸ್ ಪ್ಯಾಟನ್ ಮತ್ತು ಮರಿಯಾ ಡ ಸಿಲ್ವಾ ಅವರು ಒಂದು ಜೀನನ್ನು ಹೋಲಿಸಿ ನೋಡಿ, ಈ ಕುಟುಂಬದ ಅನೇಕ ಜಾತಿಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕವಲೊಡೆದಿವೆ ಎಂದರು. ಯಾವ ಕವಲು ಮೊದಲು, ಯಾವುದು ನಂತರ ಎಂಬುದು ತಿಳಿಯದೆ ಹೋದದ್ದು ಇದರಿಂದಲೇ. ಮುಂದೆ ಹೆಚ್ಚು ಜೀನುಗಳ ಅಧ್ಯಯನದಿಂದ ಚಿತ್ರ ಸ್ಪಷ್ಟವಾಯಿತು. ಬ್ರೆಜಿಲ್‌ನ ಪೂರ್ವ ಕರಾವಳಿಯ ಅಟ್ಲಾಂಟಿಕ್ ಕಾಡಿನ ಟ್ರೈನೊಮಿಸ್‌ಗಳನ್ನು ಹಿಂದೆ ಪ್ರೊಎಕಿಮಿಸ್‌ನೊಳಗೇ ಸೇರಿಸಿದ್ದರು. ಅವು ನಿಜವಾಗಿ ಬಿಲ ತೋಡುವ ಬೇರೊಂದು ಗುಂಪಿನ ನೆಂಟರೆಂದು ಗೊತ್ತಾಯಿತು.

ಹೆಸರು ಬದಲಾದರೆ ಏನು ಮಹಾ ಎಂದು ನೀವು ಕೇಳಬಹುದು. ಯೋಚಿಸಿ ನೋಡಿ. ಅಟ್ಲಾಂಟಿಕ್ ಕಾಡಿನ ಬಹುಪಾಲು ಈಗಾಗಲೇ ನಾಶವಾಗಿದೆ. ಅಲ್ಲಿನ ಮುಳ್ಳಿಲಿ ಅಮೆಜಾನಿನ ಇಲಿಯ ಅಣ್ಣತಮ್ಮನೇ ಆಗಿದ್ದರೆ, ಇಲ್ಲಿ ಹೋದರೂ ಅಲ್ಲಿ ಉಳಿದಿದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಅದು ಬೇರೆಯೇ ಕವಲು ಎಂದಾದಾಗ ಆ ಸಮಾಧಾನಕ್ಕೆ ಅವಕಾಶವಿಲ್ಲ. ಕ್ಯಾಲಿಸ್ಟೊಮಿಸ್‌ನ ಸ್ಥಿತಿಯೂ ಹಾಗೆಯೇ. ನಮ್ಮ ಕೊಡಗಿನ ಕಾಫಿ ತೋಟಗಳಂತೆ ಕಾಡುಮರಗಳ ನೆರಳಿನಲ್ಲಿ ಕೋಕೋ ಬೆಳೆಯುವ ತೋಟಗಳು ಬಾಯಿಯಾದಲ್ಲಿವೆ. ಉಳಿದ ಕಾಡಿನ ಜೊತೆಗೆ ಆ ತೋಟಗಳೂ ಅದಕ್ಕೆ ಆಸರೆ. ಆ ನೆರಳಿನ ಮರಗಳನ್ನು ಕಡಿದರೆ, ಆ ಜಾತಿಯ ಏಕೈಕ ಪ್ರಭೇದವೇ ಇಲ್ಲವಾದೀತು.

ಮಿತ್ರರೇ, ವರ್ಗೀಕರಣವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಹೆಸರುಗಳ ಪಟ್ಟಿಯಲ್ಲ. ಅದು ಜೀವಿಗಳ ವಂಶಾವಳಿ. ಹೊಸ ಸಾಕ್ಷಿ ಸಿಕ್ಕಾಗ ತಿದ್ದಿಕೊಳ್ಳಬೇಕಾದ ವಂಶಾವಳಿ. ಮುಂದೆ ಯಾವುದಾದರೂ ಪ್ರಾಣಿಯನ್ನು ಕಂಡಾಗ ಅದು ಯಾವುದರಂತೆ ಕಾಣುತ್ತದೆ ಎಂದು ಕೇಳಿ ಸುಮ್ಮನಾಗಬೇಡಿ. ಅದು ಯಾರ ವಂಶದ್ದು, ಅದಕ್ಕೆ ಸಾಕ್ಷಿಯೇನು ಎಂದೂ ಕೇಳಿ.