ಪೊಟ್ಟಣದ ಮೇಲಿನ ಮುಖ

(ಶಾಲಾ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕೆಲವು ತಿಂಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ತಾಯಿಯವರು ನನ್ನಲ್ಲಿಗೆ ಬಂದಿದ್ದರು. ಹಪ್ಪಳ, ಸಂಡಿಗೆ, ಸಾರಿನ ಪುಡಿಗಳನ್ನು ಮನೆಯಲ್ಲಿಯೇ ಸಿದ್ಧಪಡಿಸಿ ಮಾರಿ ಸಂಸಾರ ನಡೆಸುವ ಸಾಧ್ವಿ. “ಮಾಸ್ತರರೇ, ಪೊಟ್ಟಣದ ಮೇಲೆ ನನ್ನ ಫೋಟೋ ಹಾಕಬೇಕೆಂದು ಎಲ್ಲರೂ ಹೇಳುತ್ತಾರೆ. ನನ್ನ ಮೋರೆ ನೋಡಿ ಯಾರಾದರೂ ಸಾರಿನ ಪುಡಿ ಕೊಳ್ಳುತ್ತಾರೆಯೇ?” ಎಂದು ಕೇಳಿ, ಒಂದು ಚಿತ್ರವನ್ನು ಮುಂದಿಟ್ಟರು. ಅದರಲ್ಲಿ ಅವರ ಮೈಬಣ್ಣವನ್ನು ತಿಳಿಯಾಗಿಸಿ, ನರೆಗೂದಲನ್ನು ಕಪ್ಪಾಗಿಸಿ, ಬೆನ್ನ ಹಿಂದೆ ಅರಮನೆಯೊಂದನ್ನು ನಿಲ್ಲಿಸಿದ್ದರು. ಎದುರಿಗೇ ಕುಳಿತಿದ್ದ ನನಗೂ ಗುರುತು ಹತ್ತಲಿಲ್ಲ.

ಅವರ ಪ್ರಶ್ನೆ ಸಣ್ಣದಲ್ಲ. ಹಿಂದೆ ಭಾವಚಿತ್ರವೆಂದರೆ ಅರಸರಿಗೂ ಧನಿಕರಿಗೂ ಮೀಸಲಾಗಿದ್ದ ವೈಭವ. 1854ರಲ್ಲಿ ಪ್ಯಾರಿಸ್ಸಿನ ಡಿಸ್ಡೇರಿ ಎಂಬಾತನು ಒಂದೇ ಫಲಕದ ಮೇಲೆ ಹಲವು ಸಣ್ಣ ಚಿತ್ರಗಳನ್ನು ತೆಗೆಯುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಬೆಲೆ ಇಳಿದು, ಸಾಮಾನ್ಯರ ಮುಖಗಳೂ ಕಾಗದಕ್ಕಿಳಿದವು. ಮುಂದೆ ಅಮೆರಿಕೆಯ ಜಿಲೆಟ್ ತನ್ನ ಕ್ಷೌರದ ಅಲಗಿನ ಹೊದಿಕೆಯ ಮೇಲೆ ತನ್ನ ಮುಖವನ್ನೇ ಅಚ್ಚೊತ್ತಿಸಿದನು. 1903ರಲ್ಲಿ ಆತನ ಸಂಸ್ಥೆ ಮಾರಿದ್ದು ಕೇವಲ 51 ಕತ್ತಿಗಳು, 168 ಅಲಗುಗಳು. ಕಾಲಾಂತರದಲ್ಲಿ ಆ ಮೀಸೆಯ ಮುಖ ಸಮುದ್ರಗಳನ್ನು ದಾಟಿತು.

ನಮ್ಮ ದೇಶದಲ್ಲಿಯೇ ಇನ್ನೂ ಹತ್ತಿರದ ನಿದರ್ಶನವಿದೆ. ಕೆಂಪು ಪೇಟ, ಬಿಳಿಯ ಮೀಸೆಯ ಮಹಾಶಯ ಧರ್ಮಪಾಲ ಗುಲಾಟಿಯವರನ್ನು ಎಂಡಿಎಚ್ ಮಸಾಲೆಯ ಪೊಟ್ಟಣದ ಮೇಲೆ ನೋಡದವರು ಇಲ್ಲಿ ವಿರಳ. 1923ರಲ್ಲಿ ಸಿಯಾಲ್‌ಕೋಟೆಯಲ್ಲಿ ಜನಿಸಿದ ಅವರು ಐದನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟರು (ಈ ಸಂಗತಿಯನ್ನು ವಿದ್ಯಾರ್ಥಿಗಳು ಇಲ್ಲಿಯೇ ಮರೆತು ಹೋಗತಕ್ಕದ್ದು). ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡು ದಿಲ್ಲಿಗೆ ಬಂದು, ಕೆಲಕಾಲ ಟಾಂಗಾ ಹೊಡೆದು, ಬಳಿಕ ಕರೋಲ್‌ಬಾಗಿನಲ್ಲಿ ಮಸಾಲೆಯಂಗಡಿ ತೆರೆದರು. ಆ ಚಿತ್ರದಲ್ಲಿ ಅವರು ಯುವಕನ ವೇಷ ತೊಟ್ಟವರಲ್ಲ. ಮುಪ್ಪನ್ನು ಮುಚ್ಚದೆ ಅಜ್ಜನಾಗಿಯೇ ಕಾಣಿಸಿಕೊಂಡರು. ನೋಡಿದವರಿಗೆ ಮನೆಯ ಹಿರಿಯರೊಬ್ಬರು ಸರಕನ್ನು ತಂದುಕೊಟ್ಟಂತೆನಿಸಿತು.

2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮುಖ ಮಾತ್ರ ಪೊಟ್ಟಣದಲ್ಲಿ ಉಳಿಯಿತು. 2024ರ ಏಪ್ರಿಲಿನಲ್ಲಿ ಹಾಂಗ್‌ಕಾಂಗಿನ ಅಧಿಕಾರಿಗಳು ಆ ಸಂಸ್ಥೆಯ ಮೂರು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಕಂಡುಬಂದಿತೆಂದು ಪ್ರಕಟಿಸಿದರು; ಸಂಸ್ಥೆ ಆರೋಪವನ್ನು ನಿರಾಕರಿಸಿತು. ಅದರ ನಿರ್ಣಯ ನನ್ನ ಕೆಲಸವಲ್ಲ. ಆದರೆ ಸುದ್ದಿ ಓದಿದ ಜನರ ಕಣ್ಣಿಗೆ ಕಟ್ಟಿದ್ದು ಆ ಅಜ್ಜನ ಮುಖವೇ, ಉತ್ತರ ಹೇಳಲು ಅವರಿರಲಿಲ್ಲ!

ತಯಾರಿಸಿದವರ ಹೆಸರನ್ನೂ ವಿಳಾಸವನ್ನೂ ಪೊಟ್ಟಣದ ಮೇಲೆ ಕಾನೂನೇ ಬರೆಯಿಸುತ್ತದೆ. ಮುಖವನ್ನು ಯಾವ ಕಾನೂನೂ ಕೇಳುವುದಿಲ್ಲ. ಅದು ವರ್ತಕನು ತಾನಾಗಿ ಕೊಡುವ ಜಾಮೀನು. ಜಾಮೀನು ಪತ್ರದಲ್ಲಿ ಬೇರೊಬ್ಬರ ರುಜು ಸಲ್ಲುವುದುಂಟೇ?

ಆದುದರಿಂದ ಆ ತಾಯಿಯವರಿಗೆ ಹೇಳಿದೆ: “ಅಮ್ಮಾ, ಅರಮನೆ ಬೇಡ. ಬೆಳಗಿನ ಹೊತ್ತು ನಿಮ್ಮ ಅಡಿಗೆಮನೆಯ ಕಿಟಕಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಬೆಳಕು ಒಂದು ಮಗ್ಗುಲಿನಿಂದ ಬಂದರೆ ಮುಖದ ಗೆರೆಗಳು ಸಹಜವಾಗಿ ಕಾಣುತ್ತವೆ. ಕ್ಯಾಮೆರಾ ನಿಮ್ಮ ಕಣ್ಣಿನ ಮಟ್ಟದಲ್ಲಿರಲಿ. ದಿನವೂ ಉಡುವ ಸೀರೆಯೇ ಸಾಕು. ಜರಡಿ ಕೈಯಲ್ಲಿರಲಿ. ಹಿಂದೆ ನಿಮ್ಮ ಡಬ್ಬಿಗಳಲ್ಲದೆ ಬೇರೇನೂ ಬೇಡ.”

ನರೆಗೂದಲನ್ನಾದರೂ ಕಪ್ಪಾಗಿಸಬಹುದೇ ಎಂದು ಎರಡು ಬಾರಿ ಕೇಳಿದರು. ಬೇಡವೆಂದೆ. ಹೆಂಗಸರ ಮನಸ್ಸು ನೋಯಿಸಿದೆನೇನೋ ಎಂಬ ಅಳುಕು ನನಗೆ ಕೆಲವು ದಿನವಿತ್ತು.

ಮೊನ್ನೆ ಅವರ ಮಗನು ಹೊಸ ಪೊಟ್ಟಣವೊಂದನ್ನು ಶಾಲೆಗೆ ತಂದನು. ತಾಯಿ ಇದ್ದಂತೆಯೇ ಇದ್ದಾರೆ. ಜರಡಿಯೂ ಇದೆ, ನರೆಯೂ ಇದೆ. ಕಳೆದ ಸಂತೆಯಲ್ಲಿ ಗಿರಾಕಿಯೊಬ್ಬರು ಪೊಟ್ಟಣವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ, “ನೀವೇ ಅಲ್ಲವೇ? ಹೋದ ವಾರದ ಪುಡಿ ಬಲು ಖಾರವಾಗಿತ್ತು” ಎಂದು ಎಲ್ಲರೆದುರೇ ದೂರಿದರಂತೆ. ತಾಯಿಯವರು ಚಿಟಿಕೆ ಪುಡಿಯನ್ನು ನಾಲಗೆಗಿಟ್ಟು ನೋಡಿ, ಹೌದೆಂದು ಒಪ್ಪಿ, ಬೇರೆ ಪೊಟ್ಟಣ ಕೊಟ್ಟು ಕಳುಹಿಸಿದರೆಂದು ಹುಡುಗನು ಹೇಳಿದನು.