ಹಬ್ಬದ ಮರುದಿನದ ಸಕ್ಕರೆ

ಎರಡನೇ ವಿಧದ ಮಧುಮೇಹ ಇರುವವರ ಪಥ್ಯ ತಪ್ಪುವುದು ಹೆಚ್ಚಾಗಿ ಹಬ್ಬದ ಎಲೆಯ ಮುಂದೆ. ಯುಗಾದಿಯ ಒಬ್ಬಟ್ಟಿನಲ್ಲಿ ಬೆಲ್ಲದ ಜೊತೆಗೆ ಮೈದಾ, ಬೇಳೆ, ಮೇಲೆ ತುಪ್ಪ. ಬೆಲ್ಲವಾದರೆ ತೊಂದರೆಯಿಲ್ಲ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ, ಆದರೆ ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ತುಪ್ಪದ ಜಿಡ್ಡು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುವುದರಿಂದ ಆ ಏರಿಕೆ ಹೆಚ್ಚು ಹೊತ್ತು ಉಳಿಯಬಹುದು.

ಮರುದಿನ ಸಾಮಾನ್ಯವಾಗಿ ಆಗುವ ತಪ್ಪು ಎರಡು: ಪ್ರಾಯಶ್ಚಿತ್ತದಂತೆ ಉಪವಾಸ ಮಾಡುವುದು, ಇಲ್ಲವೇ ಮಾತ್ರೆಯನ್ನು ತಾವೇ ಹೆಚ್ಚಿಸಿಕೊಳ್ಳುವುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಔಷಧ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಇದು ಒಂದು ಒಬ್ಬಟ್ಟಿಗಿಂತ ಅಪಾಯಕಾರಿ.

ಸರಿಯಾದ ದಾರಿ ಸಪ್ಪೆಯಾದದ್ದೇ. ಮುಂದಿನ ಊಟ ಹೊತ್ತಿಗೆ ಸರಿಯಾಗಿ ಆಗಬೇಕು. ಅದರಲ್ಲಿ ಸೊಪ್ಪಿನ ಪಲ್ಯ, ಕಾಳು, ಮಜ್ಜಿಗೆ ಹೆಚ್ಚು, ಅನ್ನ ಕಡಿಮೆ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಆಗ ಇನ್ಸುಲಿನ್ನಿನ ನೆರವೂ ಕಡಿಮೆ ಸಾಕಾಗುತ್ತದೆ. ಔಷಧ ಎಂದಿನಷ್ಟೇ. ಡಬ್ಬದಲ್ಲಿ ಉಳಿದ ಸಿಹಿಯನ್ನು ನೆರೆಮನೆಗೆ ಕೊಟ್ಟುಬಿಡುವುದು ಒಳ್ಳೆಯದು. ಅದನ್ನು ಮುಗಿಸುವ ನೆಪದಲ್ಲೇ ಒಂದು ದಿನದ ಹಬ್ಬ ವಾರವಾಗುತ್ತದೆ.

ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಒಂದು ದಿನದ ಏರಿಕೆ ಅಷ್ಟಾಗಿ ಕಾಣದು. ಆದರೆ ಸಕ್ಕರೆ 300ರ ಮೇಲೆಯೇ ನಿಂತು, ವಿಪರೀತ ಬಾಯಾರಿಕೆ, ವಾಂತಿ ಅಥವಾ ಮಂಪರು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ವೈದ್ಯರ ಬಳಿ ಹೋಗಬೇಕು.