ಮಕ್ಕಳ ಎದೆಬಡಿತ, ವಾಚಿನ ನಂಬರು

ನಾನು ಡಾಕ್ಟರಲ್ಲ, ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ಬ್ರ್ಯಾಂಪ್ಟನ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಅಣ್ಣ ಒಬ್ಬರು, 15 ವರ್ಷದ ಮಗಳ ವಾಚಿನಲ್ಲಿ 188 ನೋಡಿ ಬ್ಯಾಸ್ಕೆಟ್‌ಬಾಲ್ ಬಿಡಿಸಿಬಿಟ್ಟರು. 2021ರ ಅಕ್ಟೋಬರ್ 29ರಂದು ನಮ್ಮ ಅಪ್ಪು, ಪುನೀತ್ ರಾಜ್‌ಕುಮಾರ್, 46ಕ್ಕೇ ಹೋದ ಮೇಲೆ ಈ ಭಯ ಎಷ್ಟೋ ಮನೆಗಳಲ್ಲಿದೆ. ಅದಕ್ಕೇ ಓದಿ ತಿಳಿದದ್ದನ್ನು ಹೇಳ್ತೀನಿ.

220ರಲ್ಲಿ ವಯಸ್ಸು ಕಳೆದರೆ ನಿಮಿಷದ ಗರಿಷ್ಠ ಬಡಿತದ ಅಂದಾಜು ಸಿಗುತ್ತೆ. 15 ವರ್ಷಕ್ಕೆ 205. ಅದರಲ್ಲಿ ಶೇ. 50ರಿಂದ 70, ಅಂದರೆ 103ರಿಂದ 144, ಸಾಧಾರಣ ವ್ಯಾಯಾಮ. ಶೇ. 85ರವರೆಗೆ, ಅಂದರೆ 174ರವರೆಗೆ, ಜೋರಿನದು. ಆದರೆ ಈ ಸೂತ್ರ ದೊಡ್ಡವರನ್ನು ಅಳೆದು ಮಾಡಿದ್ದು. ಮಕ್ಕಳಲ್ಲಿ ಹತ್ತಿಪ್ಪತ್ತು ಆಚೀಚೆ ಆಗಬಹುದು.

ನಾವು 15 ಆಂಪ್ ಬ್ರೇಕರ್ ಮೇಲೆ ಗಂಟೆಗಟ್ಟಲೆ 12 ಆಂಪ್‌ಗಿಂತ ಹೆಚ್ಚು ಲೋಡ್ ಹಾಕಲ್ಲ. ಆದರೂ ಮೋಟರ್ ಸ್ಟಾರ್ಟ್ ಆಗುವಾಗ ಕರೆಂಟ್ ಒಂದು ಕ್ಷಣ ಜಿಗಿಯುತ್ತೆ. ಜೋರಾಗಿ ಓಡುವ ಆರೋಗ್ಯವಂತ ಮಗುವಿಗೆ ಸ್ವಲ್ಪ ಹೊತ್ತು 188 ಬರೋದೂ ಹಾಗೇ. ವಾಚೂ ತಪ್ಪು ತೋರಿಸುತ್ತೆ. ಅನುಮಾನ ಬಂದರೆ ಮಣಿಕಟ್ಟಿಗೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಆಡುತ್ತಾ ಮಾತಾಡೋಕೆ ಆಗುತ್ತಿದ್ದರೆ ಅದು ಸಾಧಾರಣ ಶ್ರಮ. ಕೆನಡಾದ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ 60 ನಿಮಿಷ ಮೈ ಬಳಲುವಷ್ಟು ಆಟ ಬೇಕು ಅನ್ನುತ್ತೆ.

ನಿಜವಾಗಿ ಹೆದರಬೇಕಾದ್ದು ಬೇರೆ. ಆಡುವಾಗಲೇ ಪ್ರಜ್ಞೆ ತಪ್ಪುವುದು, ಎದೆನೋವು, ಸುಮ್ಮನೆ ಕೂತಾಗಲೂ ಎದೆ ಡವಗುಟ್ಟುವುದು. ಇದರಲ್ಲಿ ಒಂದಿದ್ದರೂ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎಲ್ಲಿಗೆ ಹೋಗೋದು ಗೊತ್ತಾಗದಿದ್ದರೆ 811ಕ್ಕೆ ಫೋನ್ ಮಾಡಿ, ನರ್ಸ್ ಸಿಗುತ್ತಾರೆ.

ಮಗು ಕುಸಿದು ಬಿದ್ದು ಉಸಿರಾಡದಿದ್ದರೆ 911ಕ್ಕೆ ಕರೆಮಾಡಿ, ಎದೆ ಒತ್ತಿ, ಗೋಡೆಯ ಮೇಲಿನ ಡಿಫಿಬ್ರಿಲೇಟರ್ ತರಿಸಿ. "ಕೇಸಾದರೆ ನಮ್ಮ ಪರ್ಮಿಟ್ ಗತಿ ಏನು?" ಅಂತ ಹಿಂಜರಿಯಬೇಡಿ. ಬ್ಯಾರಿ ಊರಿನ 11 ವರ್ಷದ ಹಾಕಿ ಹುಡುಗ ಚೇಸ್ ಮೆಕ್‌ಈಚರ್ನ್ 2006ರಲ್ಲಿ ತೀರಿಕೊಂಡ. ಅವನ ಹೆಸರಲ್ಲೇ ಒಂಟಾರಿಯೊದಲ್ಲಿ 2007ರ ಕಾಯ್ದೆ ಇದೆ. ತುರ್ತಿನಲ್ಲಿ ಒಳ್ಳೇ ಮನಸ್ಸಿನಿಂದ ಆ ಯಂತ್ರ ಬಳಸಿದವರಿಗೆ, ತೀರಾ ಬೇಜವಾಬ್ದಾರಿ ಮಾಡದ ಹೊರತು, ಅದು ರಕ್ಷಣೆ ಕೊಡುತ್ತೆ.

ಕೊನೆಗೆ ಒಂದು ಕೆಲಸ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡವರು ಇದ್ದಾರಾ ಅಂತ ಹಿರಿಯರನ್ನು ಕೇಳಿ. ಇದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ. ಅದನ್ನು ಯಾವ ವಾಚೂ ತೋರಿಸಲ್ಲ.